ದೊಡ್ಡಮ್ಮನಿಗೆ ಎರಡೇ ಪ್ರಶ್ನೆ

"ಅಯ್ಯೋ, ಇಷ್ಟು ಬೇಗ ಮುಗೀತಾ!" ಲಾಸ್ತ್ರಿ ದೊಡ್ಡಮ್ಮ ಫೋನನ್ನು ಎತ್ತಿ ಎಲ್ಲರಿಗೂ ತೋರಿಸಿದಳು. ಸುರಬಾಯಾದ ಪ್ರವಾಸ ಕಂಪನಿಯೊಂದಕ್ಕೆ ತಾನು ರೂಪಿಸಿದ ಆನ್‌ಲೈನ್ ಫಾರಂ ಅನ್ನು ಪರೀಕ್ಷಿಸಲು ವೆನಿಂಗ್ ತನ್ನ ದೊಡ್ಡಮ್ಮನನ್ನೇ ಆಫೀಸಿಗೆ ಕರೆತಂದಿದ್ದಳು. ಅದೇ ಪರೀಕ್ಷೆಗೆ ಬಂದು ಪಕ್ಕದಲ್ಲಿ ಕೂತಿದ್ದ ಯುವ ದಂಪತಿ ಊಟ, ಕೋಣೆ, ದೋಣಿ ಅಂತ ಇನ್ನೂ ಉತ್ತರಿಸುತ್ತಲೇ ಇದ್ದರು.

"ನೋಡಿ ಸಾರ್, ಮುದುಕಿಗೆ ಅಂತಲೇ ನಮ್ಮ ಹುಡುಗಿ ಎಷ್ಟು ಸಲೀಸು ಮಾಡಿದ್ದಾಳೆ! ವಯಸ್ಸು ಕೇಳ್ತು, ಜೊತೆಗೆ ಯಾರು ಬರ್ತಾರೆ ಅಂತ ಕೇಳ್ತು, ಯಾರೂ ಇಲ್ಲ ಅಂದೆ, ಧನ್ಯವಾದ ಅಂತು. ತೋಬಾ ಸರೋವರಕ್ಕೆ ಯಾವಾಗ ಕರ್ಕೊಂಡು ಹೋಗ್ತೀರಿ?" ಮ್ಯಾನೇಜರ್ ಹೆರ್ಯಾಂತೊ ನಗುತ್ತಾ ಚಪ್ಪಾಳೆ ತಟ್ಟಿದ.

ವೆನಿಂಗ್ ಮುಖ ಬಿಸಿಯಾಯಿತು. ಎಪ್ಪತ್ತು ದಾಟಿದ ಒಂಟಿ ಜನ ಟಿಕೆಟ್ ಕೊಳ್ಳುವುದು ಅಪರೂಪ, ಅವರಿಗೆ ಫಾರಂ ಎರಡೇ ಪ್ರಶ್ನೆಗೆ ಮುಗಿಯಲಿ, ಹೆಸರನ್ನೂ ಕೇಳುವುದು ಬೇಡ ಎಂದು ನಿಯಮ ಬರೆದವಳು ಅವಳೇ. ಹೆರ್ಯಾಂತೊ ಅದನ್ನು ಹೊಗಳಿದಾಗ ಹಿಗ್ಗಿದವಳೂ ಅವಳೇ.

ಕುರ್ಚಿಯ ಪಕ್ಕ ಕುಕ್ಕರಿಸಿ ಪಿಸುಗುಟ್ಟಿದಳು: "ದೊಡ್ಡಮ್ಮ, ಯಾರೂ ಕರ್ಕೊಂಡು ಹೋಗಲ್ಲ. ನಿನ್ನಂಥವರನ್ನ ಹಾಗೇ ವಾಪಸ್ ಕಳಿಸೋ ಥರ ಮಾಡಿದ್ದು ನಾನೇ."

ದೊಡ್ಡಮ್ಮನ ನಗು ನಿಂತಿತು. ಆಮೇಲೆ ಅವಳು ಹೆರ್ಯಾಂತೊ ಕಡೆ ನೋಡಿ, ಫೋನಿನ ಮೇಲೆ ಅಂಗೈ ಮುಚ್ಚಿದಳು.

"ಮೆಲ್ಲಗೆ ಹೇಳೇ. ನೀನು ತಪ್ಪು ಮಾಡಿದ್ದು ಸಾಹೇಬ್ರಿಗೆ ಗೊತ್ತಾದ್ರೆ ಬೈತಾರೆ."