ಬಿಳಿ ಕೈಗವಸು

“ಇದನ್ನು ಹಾಕಿಕೊಂಡು ಮುಟ್ಟು ಮಾರಾಯ,” ಎಂದು ಕಾರ್ಲ್ಟನ್ ಬಿಳಿ ಕೈಗವಸು ಚಾಚಿದಾಗ, ಹಾಡಿನ ರೆಕಾರ್ಡಿನತ್ತ ಹೋಗಿದ್ದ ಜಿತೇಶನ ಕೈ ಅರ್ಧದಲ್ಲೇ ನಿಂತಿತು. ಮಲ್ಪೆಯ ಐಸ್ ಪ್ಲಾಂಟಿನ ಕೆಲಸ ಮುಗಿಸಿ ಅವನು ನೇರ ಶಿರ್ವದ ಗೆಳೆಯನ ಮನೆಗೆ ಬಂದಿದ್ದ. ಕಾರ್ಲ್ಟನ್ ವರ್ಷಗಟ್ಟಲೆ ಹುಡುಕಿ ಲಂಡನ್ನಿನಿಂದ ತರಿಸಿದ, ಸ್ಕಾ ಎಂಬ ಜಮೈಕಾ ಮೂಲದ ಕುಣಿತದ ಹಾಡುಗಳ ರೆಕಾರ್ಡನ್ನು ಇಬ್ಬರೂ ಕೂಡಿಯೇ ಮೊದಲು ಕೇಳಬೇಕೆಂದು ಮಾತಾಗಿತ್ತು.

“ಎಂತ, ಮೀನಿನ ವಾಸನೆ ಹಾಡಿಗೂ ತಾಗ್ತದಾ?”

“ಹಾಗಲ್ಲ. ಬೆರಳಿನ ಜಿಡ್ಡು ತಾಗಿದರೆ ಸೂಜಿ ಕರಕರ ಅಂತದೆ. ರೆಕಾರ್ಡ್ ಕೂಡಿಡುವವರ ಕ್ರಮವೇ ಹೀಗೆ.”

“ನೀನು ಈಗಷ್ಟೇ ಬರಿಗೈಯಲ್ಲಿ ತೆಗೆದೆ, ಅಲ್ವಾ?”

ಕಾರ್ಲ್ಟನ್ ಎದ್ದು ಕಿಟಕಿಯವರೆಗೆ ಹೋಗಿ ಮರಳಿದ, ಮತ್ತೆ ಹೋದ. ರೆಕಾರ್ಡಿನ ರಟ್ಟಿನ ಹೊದಿಕೆಯನ್ನು ಆಗಷ್ಟೇ ಮೂಗಿಗೆ ಹಿಡಿದು ಅದರ ಹಳೆಯ ಕಂಪಿಗೆ ಹಿಗ್ಗಿದ್ದವನಿಗೆ ಈಗ ಅದರ ಮೇಲಿನ ಚಿತ್ರವನ್ನು ನೋಡಲಾಗಲಿಲ್ಲ. ಅದರಲ್ಲಿ ಕರಿಯ ಹುಡುಗರೂ ಬಿಳಿಯ ಹುಡುಗರೂ ಹೆಗಲಿಗೆ ಕೈಯಿಟ್ಟು ಕುಣಿಯುತ್ತಿದ್ದರು. ಮೈಬಣ್ಣ ನೋಡಿ ಜನರನ್ನು ದೂರವಿಟ್ಟವರ ವಿರುದ್ಧ ಕುಣಿದ ಹಾಡು ಇದೆಂದು ಜಿತೇಶನಿಗೆ ಫೋನಿನಲ್ಲಿ ಎದೆಯುಬ್ಬಿಸಿ ಹೇಳಿದ್ದವನು ಅವನೇ. ಕೈಗವಸನ್ನು ಕುರ್ಚಿಯ ಮೇಲೆಸೆದು, ರೆಕಾರ್ಡನ್ನು ಗೆಳೆಯನತ್ತ ಹಿಡಿದ. “ತಕೊ. ನೀನೇ ಹಾಕು.”

ಜಿತೇಶ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಸಿದ.

“ನೀನು ಹಾಕು ಮಾರಾಯ,” ಎನ್ನುತ್ತ ಹೊಸ್ತಿಲು ದಾಟಿದ. “ನಾನು ಅಂಗಳದಲ್ಲಿ ನಿಂತು ಕೇಳ್ತೇನೆ. ಒಳಗೆ ಬಿಡದ ಮನೆಗಳಲ್ಲಿ ನಮ್ಮ ಅಜ್ಜನಿಗೂ ಅದೇ ಅಭ್ಯಾಸ ಇತ್ತು.”