ಸೇರಿಸದೆ ಉಳಿದ ಸೆರಗು

ಓದಲು ಎರಡೇ ನಿಮಿಷ ಸಾಕು... ಆದರೆ ದಯವಿಟ್ಟು ಅವಸರದಲ್ಲಿ ಓದಬೇಡಿ.

ನಗರದ ದೊಡ್ಡ ನೇಯ್ಗೆ ಕಲಾ ಕೇಂದ್ರದ ಡೈರೆಕ್ಟರ್ ವಿಶಾಲಾಕ್ಷಿ ಮೇಡಂ ಎಂದರೆ ಎಲ್ಲರಿಗೂ ನಡುಕ. ಕೆಟ್ಟವರಲ್ಲ ಪಾಪ... ಆದರೆ ರೂಲ್ಸ್ ಎಂದರೆ ರೂಲ್ಸ್!

ನೇಕಾರರನ್ನು ಕರೆಸಿ, ಮಗ್ಗ, ರೇಷ್ಮೆ, ಊಟ, ರೂಮು ಎಲ್ಲ ಕೊಟ್ಟು, "ನಿಮಗೆ ತೋಚಿದ್ದನ್ನು ನೇಯಿರಿ" ಎನ್ನುವ ಕೇಂದ್ರ ಅದು. ನೇಯ್ದದ್ದನ್ನು ಚಿತ್ರದ ಹಾಗೆ ತೂಗುಹಾಕಿ ಪ್ರದರ್ಶನ ಮಾಡುತ್ತಾರೆ.

ಆ ವರ್ಷ ಇಳಕಲ್ ಕಡೆಯ ಮಾನಪ್ಪ ಆಯ್ಕೆಯಾಗಿದ್ದ. ಬರುವಾಗ ಹೆಂಡತಿ ಗುರುಬಸವ್ವನನ್ನೂ ಕರೆದುಕೊಂಡೇ ಬಂದುಬಿಟ್ಟ.

"ಒಬ್ಬ ಕಲಾವಿದನಿಗೆ ಒಂದೇ ಸೀಟು. ಹೆಲ್ಪರ್‌ಗೆ ಅವಕಾಶ ಇಲ್ಲ" ಎಂದರು ಮೇಡಂ.

"ಹೆಲ್ಪರ್ ಅಲ್ಲರೀ ಮೇಡಮ್ಮಾರ... ನಮ್ಮ ಸೀರಿಗೆ ಸೆರಗಿನ ಹಾಸು, ಅಂದ್ರ ಉದ್ದೆಳಿ, ಬ್ಯಾರೆ, ಒಡಲಿನ ಹಾಸು ಬ್ಯಾರೆ. ಎಳಿಗೆ ಎಳಿ ಕೊಂಡಿ ಹಾಕಿ ಎರಡೂ ಕೂಡಸಾಕಿ ಈಕಿ. ಈಕಿ ಇಲ್ಲಂದ್ರ ನಾ ಅರ್ಧಾ ನೇಕಾರ ರೀ."

ಮೇಡಂ ನಕ್ಕುಬಿಟ್ಟರು. "ಗಂಟು ಹಾಕೋಕೆ ಇಲ್ಲಿ ಬೇಕಾದಷ್ಟು ಜನ ಇದ್ದಾರೆ ಬಿಡಿ."

ಗುರುಬಸವ್ವ ಮುಖ ಸಣ್ಣದು ಮಾಡಿಕೊಳ್ಳಲಿಲ್ಲ. ಗಂಡನ ತೋಳು ತಟ್ಟಿದಳು.

"ಹೋಗ್ಲಿ ಬಿಡ್ರಿ. ಕೊಂಡಿ ಹಾಕೂ ವ್ಯಾಳ್ಯಾಕ ಫೋನ್ ಮಾಡ್ರಿ, ಬಸ್ ಹತ್ತಿ ಬರ್ತೀನಿ. ಹೊರಗ ಗಿಡದ ಬುಡಕ್ಕ ಕುಂತು ಮಾಡಿಕೊಟ್ರ ಯಾರೇನಂತಾರ?"

ಅಂದೇ ಸಂಜೆಯ ಬಸ್ಸಿಗೆ ಅವಳು ಊರಿಗೆ ಹೊರಟಳು...

ದಿನ ಕಳೆದವು. ಒಮ್ಮೆ ಮಾನಪ್ಪ ಇದ್ದಕ್ಕಿದ್ದಂತೆ ಊರಿಗೆ ಹೋದವನು ಎರಡು ವಾರ ಬರಲೇ ಇಲ್ಲ. ಬಂದಾಗ ಮೇಡಂ ಚೆನ್ನಾಗಿ ಗದರಿದರು. ಅವನು ನೇರ ಹೋಗಿ ಮಗ್ಗಕ್ಕೆ ಕೂತ.

ಪ್ರದರ್ಶನದ ದಿನ ಬಂತು. ಗಣ್ಯರೆಲ್ಲ ಸಂಜೆಗೆ ಬರುವವರಿದ್ದರು. ಬೆಳಿಗ್ಗೆ ಹಾಲ್‌ಗೆ ಬಂದ ಮೇಡಂ ಮಾನಪ್ಪನ ಸೀರೆ ನೋಡಿ ಹೌಹಾರಿದರು.

ಕಡುನೀಲಿ ಒಡಲು ಒಂದು ಕಡೆ, ಕೆಂಪು ಸೆರಗು ಇನ್ನೊಂದು ಕಡೆ... ನಡುವೆ ಗೇಣುದ್ದ ಖಾಲಿ. ಎರಡೂ ಅಂಚಿನಿಂದ ಎಳೆಗಳು ಸುಮ್ಮನೆ ಜೋತು ಬಿದ್ದಿದ್ದವು.

"ಇದೇನ್ರೀ ಮಾನಪ್ಪ? ಕೆಲಸ ಮುಗಿದೇ ಇಲ್ಲ! ಸಂಜೆಯೊಳಗೆ ಸೇರಿಸಿ. ಇಲ್ಲಾಂದ್ರೆ ಕೆಳಗಿಳಿಸ್ತೀನಿ."

"ಇಳಸ್ರಿ... ಆದ್ರ ಸೇರಸು ಅಂತ ಮಾತ್ರ ಅನ್ನಬ್ಯಾಡ್ರಿ."

"ಅಯ್ಯೋ, ನಿಮ್ಮ ಹೆಂಡತಿ ಬರ್ತೀನಿ ಅಂದಿದ್ರಲ್ಲ? ಕರೆಸಿ. ಇವತ್ತೊಂದು ದಿನ ನಾನೇ ಒಳಗೆ ಬಿಡ್ತೀನಿ."

ಮಾನಪ್ಪ ತಲೆ ಎತ್ತಿದ.

"ಈಗ ಒಳಗ ಬಿಡ್ತೀರೇನ್ರೀ..." ಜೋತುಬಿದ್ದ ಒಂದು ಎಳೆಯನ್ನು ಹಿಡಿದುಕೊಂಡ. "ಹೋದ ತಿಂಗಳ ಮಣ್ಣು ಮಾಡಿ ಬಂದೀನಿ ಮೇಡಮ್ಮಾರ."

ಮೇಡಂ ಒಂದು ಹೆಜ್ಜೆ ಹಿಂದೆ ಸರಿದರು.

"ಹಾಸು ತಯಾರಾಗೇತಿ, ನಾಳೆ ಬಾ ಅಂತ ಫೋನ್ ಮಾಡಿದ್ದೆ. ಇಲ್ಲಿಗಿ ಬರಾಕ ಅಂತ ಚೀಲದಾಗ ಸೀರಿ ತುಂಬಾಕತ್ತಿದ್ಲಂತ... ಹಂಗಾ ಕುಸದು ಬಿದ್ಲಂತ. ಆಕಿ ಜಾಗಾದಾಗ ಇನ್ನೊಬ್ಬರ ಕೈ ಇಡಸಾಕ ನನ್ನ ಮನಸು ಒಪ್ಪಲಿಲ್ಲರೀ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಇಲ್ಲಿ ಆಕಿ ಏನೂ ಆಗಿರಲಿಲ್ಲಲ್ರೀ... ಯಾರು ಸತ್ರು ಅಂತ ಹೇಳ್ಲಿ?"

ರೂಲ್ಸ್ ಮೇಡಂ ಅಲ್ಲೇ ನೆಲದ ಮೇಲೆ ಕೂತು, ಮುಖ ಮುಚ್ಚಿಕೊಂಡು ಅತ್ತರು.

ಸೀರೆ ಕೆಳಗಿಳಿಯಲಿಲ್ಲ. ಯಾರೂ ಅದನ್ನು ಸೇರಿಸಲೂ ಇಲ್ಲ.

ಸಂಜೆ ಅದರ ಕೆಳಗೆ ಮೇಡಂ ತಮ್ಮ ಕೈಯಾರೆ ಬರೆದ ಹೆಸರಿನ ಚೀಟಿ ಇತ್ತು... "ಗುರುಬಸವ್ವ ಮತ್ತು ಮಾನಪ್ಪ."

ಮಾನಪ್ಪ ಆ ಮೊದಲ ಹೆಸರಿನ ಮೇಲೆ ಬಹಳ ಹೊತ್ತು ಬೆರಳಾಡಿಸಿದ.

"ಆಕಿಗೆ ಓದಾಕ ಬರ್ತಿತ್ರೀ ಮೇಡಮ್ಮಾರ..." ಎಂದ.

ಈಗ ಆ ಕೇಂದ್ರದಲ್ಲಿ ನೇಕಾರರ ಜೊತೆ ದುಡಿಯುವವರಿಗೂ ಸೀಟು ಇದೆ, ಹೆಸರೂ ಇದೆ. ಗುರುಬಸವ್ವನ ಪಾಲಿಗೆ ಮಾತ್ರ ತಡವಾಯಿತು...

ಜೊತೆಗೆ ದುಡಿದವರ ಹೆಸರನ್ನು, ಅವರು ಓದಲು ಇರುವಾಗಲೇ ಬರೆಯಿರಿ.

ನಿಮ್ಮ ಕೆಲಸದ ಹಿಂದೆ ಹೆಸರಿಲ್ಲದೆ ದುಡಿಯುತ್ತಿರುವ ಆ ಕೈ ಯಾರದು? ಇವತ್ತು ಅವರ ಹೆಸರು ಹೇಳಿದಿರಾ?