ಬಲಗಡೆಯ ಹೂ

ಕಣಗಿಲೆ ಹೂಗಳನ್ನು ಒಂದೊಂದಾಗಿ ನೀರಿನಲ್ಲಿ ಅದ್ದಿ ನಾನು ಪೂಜಾರಿಯ ತಟ್ಟೆಗೆ ಹಾಕುತ್ತಿದ್ದೆ. ಅವರು ದೇವಿಯ ಎರಡೂ ಭುಜಗಳಿಗೆ ಒಂದೊಂದು ಹೂ ಅಂಟಿಸಿದರು. ಬಲಗಡೆಯದು ಮೊದಲು ಬಿದ್ದರೆ ನನಗೆ ಈ ಮದುವೆ, ಎಡಗಡೆಯದು ಬಿದ್ದರೆ ಬೇಡ ಎಂದು ಅಪ್ಪ ಕೇಳಿಕೊಂಡಿದ್ದರು.

ಎಡಗಡೆಯ ಹೂ ಬಿತ್ತು. ನನಗೆ ಹೋದ ಜೀವ ಬಂದಂತಾಯಿತು.

“ಹೂ ಸರಿಯಾಗಿ ನೆಂದಿಲ್ಲ. ಇನ್ನೊಂದು ಸಲ ಹಚ್ಚಿ, ಸ್ವಾಮಿ,” ಎಂದರು ಅಪ್ಪ.

ಮತ್ತೆ ಎಡಗಡೆಯದೇ ಬಿತ್ತು.

“ನೀವು ಗಂಡಿನ ಹೆಸರೇ ಹೇಳ್ಲಿಲ್ಲ. ತಾಯಿಗೆ ಹೇಗೆ ಗೊತ್ತಾಗ್ಬೇಕು?” ಎಂದಳು ಅಮ್ಮ. ಪೂಜಾರಿ ಮತ್ತೆ ಹೂ ಹಚ್ಚಿದರು.

ಹತ್ತನೆಯ ತರಗತಿಯ ತಂಗಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. “ನಮ್ಮ ಗಣಿತದಲ್ಲಿ ಇದೇ ಪಾಠ ನಡೀತಿದೆ ಕಣೇ ಅಕ್ಕ, ಸಂಭವನೀಯತೆ ಅಂತ. ಪ್ರತಿ ಸಲಾನೂ ಎಡಕ್ಕೆ ಅರ್ಧ, ಬಲಕ್ಕೆ ಅರ್ಧ. ಹೀಗೆ ಕೇಳ್ತಾನೇ ಇದ್ರೆ ಒಂದಲ್ಲ ಒಂದು ಸಲ ಬಲಗಡೇದು ಬಿದ್ದೇ ಬೀಳುತ್ತೆ.”

“ಇದೇನು ನಿನ್ನ ಲೆಕ್ಕದ ಕ್ಲಾಸಾ? ಸುಮ್ನೆ ಕೈ ಮುಗಿ,” ಎಂದು ಅಮ್ಮ ಗದರಿದಳು.

ಅಷ್ಟರಲ್ಲಿ ಬಲಗಡೆಯ ಹೂ ಬಿತ್ತು. ಅಪ್ಪ ಅದನ್ನು ಕಣ್ಣಿಗೊತ್ತಿಕೊಂಡರು.

“ತಾಯಿ ಒಪ್ಪಿದ್ಲು. ಇನ್ನು ಬೇರೆ ಮಾತಿಲ್ಲ.”

ನಾನು ಇನ್ನೆರಡು ಹೂಗಳನ್ನು ಚೆನ್ನಾಗಿ ನೆನೆಸಿ ತಟ್ಟೆಗಿಟ್ಟೆ.

“ನನ್ನನ್ನ ಒಂಬತ್ತನೇ ಕ್ಲಾಸಿಗೆ ಕಳಿಸೋದಾ ಅಂತ ಕೇಳಿದಾಗ, ಎಡಗಡೇದು ಬಿತ್ತು ಅಂತ ಒಂದೇ ಸಲಕ್ಕೆ ಶಾಲೆ ಬಿಡಿಸಿಬಿಟ್ರಲ್ಲ ಅಪ್ಪ. ಅದನ್ನೂ ಇನ್ನೊಂದು ಸಲ ಕೇಳಿ.”